ಏರ್ ಪ್ಯೂರಿಫೈಯರ್ ಫ್ಯಾನಿನ ಸದ್ದು ಹೆಚ್ಚಿ ಗಾಳಿ ಕಡಿಮೆಯಾಗಿದ್ದರೆ
ಹೊರ ವರ್ತುಲ ರಸ್ತೆಯ ಮೆಟ್ರೊ ಕಾಮಗಾರಿಯ ಪಕ್ಕದ ನಿಮ್ಮ ಮನೆಯಲ್ಲಿ ಗಾಳಿ ಶುದ್ಧೀಕರಿಸುವ ಈ ಯಂತ್ರದ ಫ್ಯಾನಿನ ಸದ್ದು ಹೆಚ್ಚಿ ಗಾಳಿ ಕಡಿಮೆಯಾಗಿರುವುದಕ್ಕೆ, ಹೊರಗಿನ ಜಾಲರಿ ಫಿಲ್ಟರ್‌ನಲ್ಲಿ ದೂಳು ಕಟ್ಟಿಕೊಂಡಿರುವುದೇ ಬಹುಮಟ್ಟಿಗೆ ಕಾರಣ. ಮೊದಲು ಪ್ಲಗ್ ತೆಗೆದು, ಆ ಜಾಲರಿಯನ್ನು ಬಿಚ್ಚಿ ಮೃದುವಾದ ಬ್ರಷ್‌ನಿಂದ ಸ್ವಚ್ಛಗೊಳಿಸಿ. ತೊಳೆಯಬಹುದೆಂದು ಕೈಪಿಡಿಯಲ್ಲಿದ್ದರೆ ಮಾತ್ರ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆಯೇ ಮರಳಿ ಕೂರಿಸಿ. ಸೂಕ್ಷ್ಮ ಕಣಗಳನ್ನು ಹಿಡಿಯುವ ಒಳಗಿನ ಹೆಪಾ ಫಿಲ್ಟರನ್ನು ದಯವಿಟ್ಟು ನೀರಿಗೆ ಹಾಕಬೇಡಿ, ಏಕೆಂದರೆ ನೆನೆದರೆ ಅದರ ಎಳೆಗಳು ಕೆಟ್ಟು ಸೂಕ್ಷ್ಮ ಕಣಗಳು ನುಸುಳಿಬಿಡಬಹುದು. ಕಪ್ಪಾಗಿದ್ದರೆ ಬದಲಿಸುವುದೇ ಸರಿ. ಬಳಿಕ ಯಂತ್ರವನ್ನು ಗೋಡೆಯಿಂದ ಒಂದಡಿ ದೂರವಿಟ್ಟು ನಡೆಸಿ ನೋಡಿ. ಆಗಲೂ ಗರಗರ ಸದ್ದು ಉಳಿದರೆ ಬೇರಿಂಗ್ ಸವೆದಿರಬಹುದು, ಅದನ್ನು ಸೇವಾ ಕೇಂದ್ರದವರೇ ಬಿಚ್ಚಿ ನೋಡಬೇಕು. ದೊಡ್ಡ ಯಂತ್ರ ಬೇಕೇ ಎಂದು ಕೇಳಿದ್ದೀರಿ: 10 ಅಡಿ ಎತ್ತರದ, 120 ಚದರ ಅಡಿಯ ನಿಮ್ಮ ಕೋಣೆಯ ಗಾಳಿ ಗಂಟೆಗೆ 5 ಬಾರಿ ಶುದ್ಧವಾಗಲು ಸಿಎಡಿಆರ್ (ಯಂತ್ರ ಕೊಡುವ ಶುದ್ಧ ಗಾಳಿಯ ಪ್ರಮಾಣ) ಗಂಟೆಗೆ ಸುಮಾರು 170 ಘನ ಮೀಟರ್ ಇದ್ದರೆ ಸಾಕು.