1919–21ರ ಐರ್ಲೆಂಡ್ ಸ್ವಾತಂತ್ರ್ಯ ಯುದ್ಧದಲ್ಲಿ ಸಣ್ಣ ಐರಿಷ್ ಪಡೆ ಬ್ರಿಟಿಷರೆದುರು ನಿಂತದ್ದು ಹೇಗೆ?

ಬ್ರಿಟಿಷರಿಗೆ ಸುದ್ದಿ ತಲುಪುವ ದಾರಿಯನ್ನೇ ಅದು ಮೊದಲು ಕಡಿದು ಹಾಕಿತು. ಹಳ್ಳಿಗಳ ಮಾಹಿತಿ ಸರ್ಕಾರಕ್ಕೆ ಸಿಗುತ್ತಿದ್ದದ್ದು ಐರಿಷರೇ ಹೆಚ್ಚಾಗಿದ್ದ ಸಶಸ್ತ್ರ ಪೊಲೀಸ್ ಠಾಣೆಗಳಿಂದ. ಆ ಸಣ್ಣ ಪಡೆ, ಅಂದರೆ ಐರಿಷ್ ರಿಪಬ್ಲಿಕನ್ ಆರ್ಮಿ (ಐಆರ್‌ಎ), ಅವುಗಳ ಮೇಲೆ ದಾಳಿ ಮಾಡಿತು, ಜನ ಪೊಲೀಸರಿಗೆ ಬಹಿಷ್ಕಾರ ಹಾಕಿದರು. ಒಂಟಿ ಠಾಣೆಗಳನ್ನು ತೆರವು ಮಾಡಿದಂತೆಲ್ಲ ಹಳ್ಳಿಗಾಡು ಸರ್ಕಾರದ ಕಣ್ಣಿಗೆ ಕಾಣದಾಯಿತು. 1920ರ ಈಸ್ಟರ್‌ನಲ್ಲಿ ಅಂಥ ನೂರಾರು ಖಾಲಿ ಠಾಣೆಗಳನ್ನು ಸುಟ್ಟರು.

ಡಬ್ಲಿನ್‌ನಲ್ಲಿ ಐಆರ್‌ಎ ಗುಪ್ತಚರ ಮುಖ್ಯಸ್ಥ ಮೈಕಲ್ ಕಾಲಿನ್ಸ್ ಅವರಿಗೆ ಪೊಲೀಸ್ ಪತ್ತೇದಾರರ ಕಚೇರಿಯೊಳಗೇ ಜನರಿದ್ದರು. ಅವರಲ್ಲೊಬ್ಬರಾದ ನೆಡ್ ಬ್ರಾಯ್ ಗುಪ್ತ ವರದಿ ಟೈಪಿಸುವಾಗ ಕಾಲಿನ್ಸ್‌ಗಾಗಿ ಒಂದು ಕಾರ್ಬನ್ ಪ್ರತಿ ಹೆಚ್ಚಿಗೆ ತೆಗೆಯುತ್ತಿದ್ದರು.

ಶತ್ರು ಯಾರೆಂದು ತಿಳಿಯದೆ ಬ್ರಿಟಿಷ್ ಪಡೆಗಳು ಮನೆ, ಅಂಗಡಿಗಳನ್ನು ಸುಟ್ಟವು. ತಟಸ್ಥರೂ ತಿರುಗಿಬಿದ್ದರು. ಆದರೆ ಇದನ್ನು ರಣರಂಗದ ಗೆಲುವು ಎನ್ನಲಾಗದು: 1921ರ ಜುಲೈ 11ರ ಕದನವಿರಾಮದ ಹೊತ್ತಿಗೆ ಐಆರ್‌ಎಗೆ ಗುಂಡುಗಳ ತೀವ್ರ ಕೊರತೆಯಿತ್ತು.