ಮೈಸೂರೋ, ಹುಬ್ಬಳ್ಳಿ-ಧಾರವಾಡವೋ?

ಪ್ರಶ್ನೆ: ನನಗೆ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಕೆಲಸ. ವಾರಕ್ಕೆ ಎರಡು ದಿನ ಆಫೀಸಿಗೆ ಹೋದರೆ ಸಾಕು, ಉಳಿದದ್ದು ಮನೆಯಿಂದಲೇ. ನಮ್ಮ ಯಜಮಾನರು ಗದಗಿನವರು, ನಾನು ಮಂಡ್ಯದವಳು. ಇಲ್ಲಿ ಬಾಡಿಗೆ ಕಟ್ಟಿ ಸಾಕಾಗಿದೆ. ನನಗೆ ಮೈಸೂರು ಬೇಕು, ಅವರಿಗೆ ಹುಬ್ಬಳ್ಳಿ-ಧಾರವಾಡ. ಯಾವುದು ಸರಿ?
– ಓದುಗರು, ಬೆಂಗಳೂರು

ಉತ್ತರ: ವಾರಕ್ಕೆ ಎರಡು ದಿನ ಎಂದಿರಲ್ಲ, ಹಾಗಾದರೆ ಮೈಸೂರೇ. ರೈಲಿನಲ್ಲಿ ಎರಡರಿಂದ ಮೂರು ಗಂಟೆ. ಬೆಂಗಳೂರು ರೈಲು ನಿಲ್ದಾಣದಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಎಲ್ಲೂ ಬದಲಿಸದೆ ವೈಟ್‌ಫೀಲ್ಡ್ ತಲುಪುತ್ತೀರಿ. ದೂರ 150 ಕಿ.ಮೀ. ಒಳಗಿರುವುದರಿಂದ ತಿಂಗಳ ಸೀಸನ್ ಟಿಕೆಟ್ ಸಿಗುತ್ತದೆ. ಆದರೆ ಅದು ಶತಾಬ್ದಿ, ವಂದೇ ಭಾರತ್‌ಗೆ ನಡೆಯುವುದಿಲ್ಲ. ದಶಪಥ ಹೆದ್ದಾರಿಯನ್ನು ನಂಬಿ ಲೆಕ್ಕ ಹಾಕಬೇಡಿ. ಕೆಂಗೇರಿವರೆಗೆ ಬೇಗ ಬರುತ್ತೀರಿ, ಅಲ್ಲಿಂದ ಊರು ದಾಟುವುದೇ ಇನ್ನೊಂದು ಪ್ರಯಾಣ. ಟೋಲ್ ಬೇರೆ. 2023ರ ಆಗಸ್ಟ್‌ನಿಂದ ಅದರ ಮುಖ್ಯ ಪಥದಲ್ಲಿ ಬೈಕಿಗೂ ಪ್ರವೇಶವಿಲ್ಲ.

ಹುಬ್ಬಳ್ಳಿ ಬೆಂಗಳೂರಿನಿಂದ 400 ಕಿ.ಮೀ.ಗೂ ಹೆಚ್ಚು ದೂರ. ವಂದೇ ಭಾರತ್‌ಗೇ ಆರು ಗಂಟೆ ಬೇಕು. ಒಂದು ರಾತ್ರಿ ರೈಲಿನಲ್ಲಿ ಬಂದು, ನಡುವೆ ಒಂದು ರಾತ್ರಿ ಬೆಂಗಳೂರಿನಲ್ಲಿ ಉಳಿದು, ಮರುರಾತ್ರಿ ಹಿಂತಿರುಗುವುದು ಪ್ರತಿವಾರ ಆಗುವ ಮಾತಲ್ಲ, ಮೈಗೆ ಹಿಡಿಸುವುದಿಲ್ಲ. ಕಂಪನಿ ತಿಂಗಳಿಗೊಮ್ಮೆ ಬಂದರೆ ಸಾಕು ಎಂದು ಬರವಣಿಗೆಯಲ್ಲಿ ಕೊಟ್ಟರೆ ಮಾತ್ರ ಯಜಮಾನರ ಆಯ್ಕೆಗೆ ತೂಕ ಬರುತ್ತದೆ. ಗದಗ ಅಲ್ಲಿಂದ ಒಂದೂವರೆ ಗಂಟೆಯ ದಾರಿ. ಆಗ ಮನೆಯನ್ನು ವಿದ್ಯಾನಗರ, ನವನಗರದಂಥ ಕಡೆ, ಚಿಗರಿ ಬಸ್ಸಿನ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ನೋಡಿ. ಅವಳಿ ನಗರದ ನಡುವಿನ 20 ಕಿ.ಮೀ.ಯನ್ನು ಆ ಬಸ್ಸು ತನ್ನದೇ ಪಥದಲ್ಲಿ ಓಡುತ್ತದೆ, ಕಾರೇ ಬೇಕೆಂದಿಲ್ಲ.

ಎರಡೂ ಊರಲ್ಲಿ ಬಾಡಿಗೆಗಿಂತ ಮೊದಲು ಕೇಳಬೇಕಾದದ್ದು ನೀರು. ಹುಬ್ಬಳ್ಳಿ-ಧಾರವಾಡಕ್ಕೆ ಮುಖ್ಯವಾಗಿ ಮಲಪ್ರಭೆಯ ನೀರು. ಕೆಲವು ವಾರ್ಡ್‌ಗಳಲ್ಲಿ ದಿನವಿಡೀ ಬರುತ್ತದೆ, ಕೆಲವೆಡೆ ನಾಲ್ಕಾರು ದಿನಕ್ಕೊಮ್ಮೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದರೆ ನಾಲ್ವರಿಗೆ 540. ಬೇಸಿಗೆಯಲ್ಲಿ ಸರದಿ ಎಂಟು ದಿನಕ್ಕೆ ಹೋದರೆ 4,320 ಲೀಟರ್. ಸಂಪು 5,000 ಲೀಟರಿಗಿಂತ ಚಿಕ್ಕದಿದ್ದರೆ ಬೇಸಿಗೆಯಲ್ಲಿ ಟ್ಯಾಂಕರ್ ಖರ್ಚು ಗ್ಯಾರಂಟಿ. ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಈ ತಲೆನೋವು ಕಡಿಮೆ. ರಿಂಗ್ ರಸ್ತೆ ಆಚೆಯ ಖಾಸಗಿ ಬಡಾವಣೆಗಳಲ್ಲಿ ಮಾತ್ರ ಕೊಳವೆಬಾವಿಯೇ ಗತಿ ಎನ್ನುವ ಮನೆಗಳಿವೆ. ಗಡಸು ನೀರಾದರೆ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿ ಬೇಗ ಸುಡುತ್ತದೆ. ಮನೆ ನೋಡಲು ಹೋದಾಗ ಬಚ್ಚಲಿನ ನಲ್ಲಿಯ ಬಾಯಿ ನೋಡಿ, ಬಿಳಿ ಪದರ ಅಲ್ಲೇ ಕಾಣುತ್ತದೆ. ನೀರು ಎಷ್ಟು ದಿನಕ್ಕೊಮ್ಮೆ ಎಂದು ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ.

ಮೊದಲು 11 ತಿಂಗಳ ಕರಾರಿಗೆ ಬಾಡಿಗೆಗೆ ಇರಿ. ಆ ಅವಧಿಯಲ್ಲಿ ಏಪ್ರಿಲ್-ಮೇ ಬರಲೇಬೇಕು. ಆಮೇಲೆ ಕೊಳ್ಳುವ ಯೋಚನೆ.

ಪ್ರಶ್ನೆ: ಹುಬ್ಬಳ್ಳಿಯೊಳಗ ಪ್ಲಾಟ್ ನೋಡೇವ್ರಿ. ಎರಿ ಭೂಮಿ, ಮನಿ ಬಿರುಕು ಬಿಡತಾವ ಅಂತಾರ. ತಗೋಬಹುದೇನ್ರಿ?
– ಓದುಗರು, ಗದಗ

ಉತ್ತರ: ತೆಗೆದುಕೊಳ್ಳಬಹುದು, ಆದರೆ ಬುನಾದಿಯ ಹೆಚ್ಚುವರಿ ಖರ್ಚನ್ನು ಪ್ಲಾಟಿನ ಬೆಲೆಗೆ ಸೇರಿಸಿ ನೋಡಿ. ಎರಿ, ಅಂದರೆ ಕಪ್ಪು ಜಿಗುಟು ಮಣ್ಣು, ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಸೀಳುತ್ತದೆ. ಮನೆಯ ಅಂಚಿನ ಮಣ್ಣು ನೆನೆದು ಒಣಗುವಷ್ಟು ನಡುವಿನದು ಆಗುವುದಿಲ್ಲ. ಒಂದು ಕಡೆ ಎತ್ತಿ ಇನ್ನೊಂದು ಕಡೆ ಇಳಿದಾಗ ಗೋಡೆ ಸೀಳುತ್ತದೆ. ಅಕ್ಕಪಕ್ಕದ ಮನೆಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ವಾಲಿದ ಕಂಪೌಂಡು, ಮಳೆಗಾಲದಲ್ಲಿ ಬಿಗಿಯುವ ಬಾಗಿಲು ಇವೆಯೇ ನೋಡಿ.

ಎರಿ ತೆಳುವಾಗಿದ್ದರೆ ಪೂರ್ತಿ ತೆಗೆಸಿ, ಕೆಳಗಿನ ಗಟ್ಟಿ ಪದರದ ಮೇಲಿಂದ ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಿಸಿ. ಆಳವಾಗಿದ್ದರೆ ತಳದಲ್ಲಿ ಗಂಟೆಯಂತೆ ಅಗಲವಾಗುವ ಅಂಡರ್-ರೀಮ್ಡ್ ಪೈಲ್, ಸಾಮಾನ್ಯವಾಗಿ 3.5 ಮೀಟರ್ ಆಳಕ್ಕೆ. ಪೈಲ್ ಮೇಲಿನ ಬೀಮಿನ ಅಡಿಯಲ್ಲಿ ಸುಮಾರು 80 ಮಿ.ಮೀ. ಖಾಲಿ ಜಾಗ ಬಿಡಿಸಿ. ಗಾರೆಯವರು ಅದನ್ನು ಮಣ್ಣಿನಿಂದ ಮುಚ್ಚಿಬಿಡುತ್ತಾರೆ. ಹಾಗಾದರೆ ಉಬ್ಬುವ ಮಣ್ಣು ಬೀಮನ್ನೇ ಮೇಲಕ್ಕೆ ಒತ್ತುತ್ತದೆ, ಪೈಲಿಗೆ ಹಾಕಿದ ದುಡ್ಡು ದಂಡ. ಮನೆಯ ಸುತ್ತ ಒಂದೂವರೆ-ಎರಡು ಮೀಟರ್ ಕಾಂಕ್ರೀಟ್ ಹಾಸು ಇರಲಿ. ಗೋಡೆಗೆ ತಾಗಿ ಹೂದೋಟ ಬೇಡ. ಧಾರವಾಡದ ಹಲವು ಭಾಗಗಳಲ್ಲಿ ಕೆಮ್ಮಣ್ಣು, ಅಲ್ಲಿ ಈ ಕಾಟವಿಲ್ಲ. ಏನೇ ಇರಲಿ, ಮುಂಗಡ ಕೊಡುವ ಮೊದಲು ಒಂದು ಗುಂಡಿ ತೋಡಿಸಿ ನೋಡಿ.

ಪ್ರಶ್ನೆ: ಮೈಸೂರಿನ ಹೊರವಲಯದಲ್ಲಿ ಅಗ್ಗದ ಸೈಟಿದೆ. ‘ಇ-ಖಾತಾ ಆಮೇಲೆ ಮಾಡಿಸಿಕೊಡ್ತೀವಿ’ ಎನ್ನುತ್ತಾರೆ. ನಂಬಬಹುದೇ?
– ಓದುಗರು, ಚಾಮರಾಜನಗರ

ಉತ್ತರ: ಬೇಡ. ಇ-ಖಾತಾ, ಅಂದರೆ ಆಸ್ತಿಯ ಡಿಜಿಟಲ್ ಖಾತೆ ದಾಖಲೆ, ಇಲ್ಲದೆ ನೋಂದಣಿಯೇ ಆಗುವುದಿಲ್ಲ, ಮುಂಗಡ ಸಿಕ್ಕಿಹಾಕಿಕೊಳ್ಳುತ್ತದೆ. ಭೂ ಪರಿವರ್ತನೆ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ, ಇಸಿ (ಋಣಭಾರ ಪ್ರಮಾಣಪತ್ರ) ಕೇಳಿ. ನಿಯಮಕ್ಕೆ ಪೂರ್ತಿ ಹೊಂದದ ಆಸ್ತಿಗೆ ಕೊಡುವ ಬಿ-ಖಾತಾ ಇದ್ದರೆ ನಿಮ್ಮ ಬ್ಯಾಂಕಿಗೆ ಪ್ರತಿ ಒಯ್ದು ಸಾಲ ಕೊಡುತ್ತಾರೆಯೇ ವಿಚಾರಿಸಿ. ನಿಮಗೆ ಸಾಲ ಸಿಗದ ಸೈಟು ನಾಳೆ ಮಾರುವಾಗ ಕೊಳ್ಳುವವರಿಗೂ ಸಿಗುವುದಿಲ್ಲ.