ಪರಿಸರದ ವಿಷಯ ನರ್ಸ್‌ಗಳ ಕೆಲಸವೇ?

“ಪರಿಸರಕ್ಕೆ ಬೇರೆ ಇಲಾಖೆ ಇದೆಯಲ್ಲ, ನರ್ಸ್‌ಗಳು ಯಾಕೆ ದನಿ ಎತ್ತಬೇಕು?” ಎಂದು ಕೇಳಿದ್ದೀರಿ. ರೋಗಿಯ ಹತ್ತಿರ ಹೆಚ್ಚು ಹೊತ್ತು ಇರೋದು ಅವರೇ, ಅದಕ್ಕೆ. ಶುದ್ಧ ಗಾಳಿ, ನೀರು, ಚರಂಡಿ ಸರಿಯಿರಬೇಕು ಅಂತ ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 19ನೇ ಶತಮಾನದಲ್ಲೇ ಹಟ ಹಿಡಿದಿದ್ದರು.

ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳನ್ನೇ ನೋಡಿ. ಔಷಧಿ ಹೊಡೆದ ಆಳು ಬೆವರು, ಜೊಲ್ಲು ಸುರಿಸುತ್ತಾ ಬರುತ್ತಾನೆ, ವಾಂತಿ ಬೇರೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿರುತ್ತೆ. ಆರ್ಗನೊಫಾಸ್ಫೇಟ್ ಎಂಬ ಬಗೆಯ ಕೀಟನಾಶಕದ ವಿಷ ಏರಿದ ಲಕ್ಷಣ ಇದು. ಡಾಕ್ಟರು ಅದಕ್ಕೆ ಮದ್ದಾದ ಅಟ್ರೊಪಿನ್ ಕೊಡಿಸುತ್ತಾರೆ. ಆದರೆ ಕೈಗವಸು ಕೊಟ್ಟಿದ್ರಾ, ಔಷಧಿಯ ಖಾಲಿ ಕ್ಯಾನಿಗೆ ಲೈನ್ ಮನೆಯಲ್ಲಿ (ತೋಟದ ಆಳುಗಳ ಸಾಲು ಮನೆ) ಕುಡಿಯೋ ನೀರು ತುಂಬ್ತೀರಾ ಅಂತ ಕೇಳಿ ಬರೆದಿಡೋದು ಸಿಸ್ಟರ್ ಕೈಲಾಗುವ ಕೆಲಸ. ಒಂದೇ ತೋಟದಿಂದ ಮತ್ತೆ ಮತ್ತೆ ಇಂಥ ಕೇಸು ಬಂದರೆ ದಾಖಲೆ ಸಮೇತ ತಾಲ್ಲೂಕು ಆರೋಗ್ಯಾಧಿಕಾರಿಗೆ ಹೇಳಬಹುದು. (ಮಾಲೀಕರು ಊರಿಗೇ ದೊಡ್ಡವರಾದರೆ ಇದೇನು ಸುಲಭವಲ್ಲ, ಒಪ್ಪುತ್ತೇನೆ.)

ಕೊಪ್ಪ, ಎನ್.ಆರ್.ಪುರ ಕಡೆ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಇದೆ. ಅಲ್ಲಿ ಮಂಗ ಸತ್ತ ಸುದ್ದಿಯನ್ನು ತಕ್ಷಣ ಮುಟ್ಟಿಸಬೇಕು. ಸೊಪ್ಪು, ಸೌದೆಗೆ ಕಾಡಿಗೆ ಹೋಗುವವರಿಗೆ ಉಣುಗು ಹತ್ತದಂತೆ ಎಣ್ಣೆ ಹಚ್ಚಿಕೊಳ್ಳಲು ಒಪ್ಪಿಸಬೇಕು.

ಇನ್ನು ಆಸ್ಪತ್ರೆಯ ಕಸ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಸೂಜಿ ಬಿಳಿ ಡಬ್ಬಕ್ಕೆ, ರಕ್ತ ಅಂಟಿದ ಹತ್ತಿ ಹಳದಿ ಚೀಲಕ್ಕೆ ಹೋಗಬೇಕು. ವಾರ್ಡಿನಲ್ಲೇ ಬೆರೆತರೆ ಆಮೇಲೆ ಯಾರೂ ಬಿಡಿಸೋಲ್ಲ.

ಎಲ್ಲಿ ಹೇಳೋದು ಅಂದರೆ, ಹಳ್ಳಿಯ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯಲ್ಲಿ ಮೊದಲು ಹೇಳಿ. ನಡಾವಳಿಯಲ್ಲಿ ಬರೆಸಿದರೆ ಪಂಚಾಯಿತಿಯವರು ಉತ್ತರ ಕೊಡಲೇಬೇಕಾದ ಪರಿಸ್ಥಿತಿ ಬರುತ್ತೆ.